ಕಾಡ್ಗಿಚ್ಚಿನಿಂದ ಮನೆ ಕಾಯುವ ಸಾಮಗ್ರಿಗಳು: ಜಾಲರಿಯಿಂದ ಜೆಲ್‌ವರೆಗೆ ಒಂದು ವಿಮರ್ಶೆ

ಒಣ ಹವೆಯ ಪ್ರದೇಶಗಳಲ್ಲಿ ಕಾಡಿನ ಅಥವಾ ಹುಲ್ಲುಗಾವಲಿನ ಅಂಚಿಗೆ ಮನೆ ಕಟ್ಟಿಕೊಂಡವರಿಗೆಂದೇ ಈಗ ಹತ್ತಾರು ಬಗೆಯ ಸಾಮಗ್ರಿಗಳು ಮಾರಾಟಕ್ಕೆ ಬಂದಿವೆ. ಗಾಳಿಕಿಂಡಿಗೆ ಹಾಕುವ ಲೋಹದ ಜಾಲರಿ, ಬಿಸಿ ತಾಗಿದೊಡನೆ ಉಬ್ಬಿ ಮುಚ್ಚಿಕೊಳ್ಳುವ ಕಿಂಡಿ, ಮಾಡಿನ ಮೇಲೆ ಕೂರಿಸುವ ಸ್ಪ್ರಿಂಕ್ಲರ್, ಗೋಡೆಗೆ ಹಚ್ಚುವ ಜೆಲ್, ಗಿಡಗಂಟಿಗಳಿಗೆ ಸಿಂಪಡಿಸುವ ಅಗ್ನಿನಿರೋಧಕ ದ್ರಾವಣ, ಕಟ್ಟಡಕ್ಕೇ ಹೊದಿಸುವ ಅಲ್ಯೂಮಿನಿಯಂ ಹೊದಿಕೆ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇವುಗಳಲ್ಲಿ ಕೆಲವನ್ನು ನನ್ನ ಮನೆಗೆ ಹಾಕಿಸಿದ್ದೇನೆ, ಕೆಲವನ್ನು ಬೇರೆಯವರ ಮನೆಯಲ್ಲಿ ಹತ್ತಿರದಿಂದ ನೋಡಿದ್ದೇನೆ, ಉಳಿದವುಗಳ ಪರೀಕ್ಷಾ ವರದಿಗಳನ್ನು ಓದಿದ್ದೇನೆ. ಪ್ರತಿಯೊಂದನ್ನೂ ಒಂದೇ ಪ್ರಶ್ನೆಯಿಂದ ಅಳೆದಿದ್ದೇನೆ: ಮನೆಯವರೆಲ್ಲ ಸುರಕ್ಷಿತ ಜಾಗಕ್ಕೆ ಹೊರಟುಹೋದ ಮೇಲೆ, ಕರೆಂಟ್ ಹೋಗಿ ನಲ್ಲಿಯಲ್ಲಿ ನೀರು ನಿಂತ ಮೇಲೆ, ಈ ವಸ್ತು ತನ್ನ ಕೆಲಸವನ್ನು ತಾನೇ ಮಾಡುತ್ತದೆಯೇ? ಕಾಡ್ಗಿಚ್ಚು ಬಂದಾಗ ನಡೆಯುವುದು ಹೀಗೆಯೇ ಆದ್ದರಿಂದ ಇದಕ್ಕಿಂತ ಸರಿಯಾದ ಅಳತೆಗೋಲು ನನಗೆ ಕಾಣಲಿಲ್ಲ.

ಸಾಮಗ್ರಿಗಳ ಗುಣದೋಷಕ್ಕೆ ಹೋಗುವ ಮೊದಲು ಮನೆಗೆ ಬೆಂಕಿ ಹೇಗೆ ತಗಲುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು, ಏಕೆಂದರೆ ಮಾರುವವರ ಚಿತ್ರಗಳಲ್ಲಿ ಕಾಣುವ ಆಳೆತ್ತರದ ಜ್ವಾಲೆಯ ಗೋಡೆ ಬಹುಪಾಲು ಮನೆಗಳ ನಾಶಕ್ಕೆ ಕಾರಣವಾಗಿರುವುದಿಲ್ಲ. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದಲ್ಲಿ ಹೊತ್ತಿಕೊಂಡ ಕ್ಯಾಂಪ್ ಫೈರ್ ಎಂಬ ಕಾಡ್ಗಿಚ್ಚು 85 ಜನರನ್ನು ಬಲಿ ತೆಗೆದುಕೊಂಡು, ಪ್ಯಾರಡೈಸ್ ಪಟ್ಟಣವೂ ಸೇರಿದಂತೆ 18,000ಕ್ಕೂ ಹೆಚ್ಚು ಕಟ್ಟಡಗಳನ್ನು ಸುಟ್ಟಿತು. ಅಲ್ಲಿ ಆಮೇಲೆ ತೆಗೆದ ಚಿತ್ರಗಳಲ್ಲಿ ಮನೆ ಬೂದಿಯಾಗಿ ಅಡಿಪಾಯವಷ್ಟೇ ಉಳಿದಿದ್ದರೂ ಪಕ್ಕದ ಪೈನ್ ಮರಗಳು ಹಸಿರಾಗಿಯೇ ನಿಂತಿದ್ದುದು ಮತ್ತೆ ಮತ್ತೆ ಕಾಣುತ್ತದೆ. ಜ್ವಾಲೆಯೇ ಬಂದು ಮನೆಯನ್ನು ನುಂಗಿದ್ದರೆ ಮರಗಳು ಉಳಿಯುತ್ತಿರಲಿಲ್ಲ. ಗಾಳಿಯಲ್ಲಿ ಹಾರಿಬಂದ ಕಿಡಿ ಮತ್ತು ಕೆಂಡದ ಚೂರುಗಳು ಮಾಡಿನ ಅಂಚಿನಲ್ಲಿ ಮಳೆನೀರು ಹರಿಯುವ ದೋಣಿಯಲ್ಲಿನ ತರಗೆಲೆಗೋ, ಮೆಟ್ಟಿಲ ಕೆಳಗಿನ ಕಸಕ್ಕೋ, ಅಟ್ಟದ ಗಾಳಿಕಿಂಡಿಗೋ ಸೇರಿ ಮನೆಯನ್ನು ಹೊತ್ತಿಸುತ್ತವೆ. ಹಾಗೆ ಹೊತ್ತಿದ ಒಂದು ಮನೆ ಪಕ್ಕದ ಮನೆಯನ್ನು ಹೊತ್ತಿಸುತ್ತದೆ.

ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಜ್ಯಾಕ್ ಕೋಹೆನ್ ಈ ವಿಷಯದಲ್ಲಿ ಮಾಡಿದ ಕೆಲಸ ಎಲ್ಲಕ್ಕೂ ಬುನಾದಿ. 1990ರ ದಶಕದ ಕೊನೆಯಲ್ಲಿ ಕೆನಡಾದ ವಾಯವ್ಯ ಪ್ರಾಂತ್ಯದಲ್ಲಿ ಬೇಕೆಂದೇ ಕಾಡಿಗೆ ಬೆಂಕಿ ಹಚ್ಚಿ ನಡೆಸಿದ ಪ್ರಯೋಗಗಳಲ್ಲಿ, ಮರದ ನೆತ್ತಿಯಿಂದ ನೆತ್ತಿಗೆ ಹಬ್ಬುವ ಉಗ್ರ ಬೆಂಕಿಯ ಎದುರಿಗೆ ಅವರು ಮರದ ಗೋಡೆಗಳನ್ನು ನಿಲ್ಲಿಸಿ ನೋಡಿದರು. 10 ಮೀಟರ್ ದೂರದ ಗೋಡೆಗಳು ಕೆಲವೊಮ್ಮೆ ಹೊತ್ತಿಕೊಂಡವು. 30 ಮೀಟರ್ ದೂರದ ಗೋಡೆಗಳು ಹೊತ್ತಿಕೊಳ್ಳಲಿಲ್ಲ. ಮನೆಯ ಅಳಿವು ಉಳಿವನ್ನು ನಿರ್ಧರಿಸುವುದು ದೂರದ ಕಾಡಿಗಿಂತ ಹೆಚ್ಚಾಗಿ ಮನೆ ಮತ್ತು ಅದರ ಸುತ್ತಲಿನ 30 ಮೀಟರ್ ಜಾಗ ಎಂಬ ತಿಳಿವಳಿಕೆ ಬಂದದ್ದು ಇಂಥ ಪ್ರಯೋಗಗಳಿಂದ. ಕೊಳ್ಳುವವರಿಗೆ ಇದು ಸಮಾಧಾನದ ಸುದ್ದಿ, ಏಕೆಂದರೆ ಆ 30 ಮೀಟರ್ ನಮ್ಮ ಕೈಯಳತೆಯಲ್ಲಿದೆ.

ಈಗ ಜಾಲರಿಯ ವಿಷಯ. ಈ ಎಲ್ಲ ಸಾಮಗ್ರಿಗಳಲ್ಲಿ ನೋಡಲು ತೀರ ಸಾಧಾರಣವಾದದ್ದು, ಜಾಹೀರಾತಿಲ್ಲದ್ದು ಮತ್ತು ನನ್ನ ಎಣಿಕೆಯಲ್ಲಿ ಮೊದಲ ಸ್ಥಾನಕ್ಕೆ ಯೋಗ್ಯವಾದದ್ದು ಇದು. ಅಟ್ಟಕ್ಕೆ, ಸೂರಿನಡಿಗೆ, ನೆಲಹಾಸಿನ ಕೆಳಗಿನ ಟೊಳ್ಳಿಗೆ ಗಾಳಿ ಆಡಲೆಂದು ಬಿಟ್ಟಿರುವ ಕಿಂಡಿಗಳಿಗೆ ಒಳಗಿನಿಂದ ಅಥವಾ ಹೊರಗಿನಿಂದ ಲೋಹದ ಜಾಲರಿ ಬಿಗಿಯುವುದಷ್ಟೇ ಕೆಲಸ. ಆದರೆ ಎಂಥ ಜಾಲರಿ ಎಂಬುದರಲ್ಲಿ ಎಲ್ಲವೂ ಅಡಗಿದೆ. ಬಹಳ ಮನೆಗಳಲ್ಲಿ ಸೊಳ್ಳೆಗೆಂದು ಹಾಕಿದ ನೈಲಾನ್ ಅಥವಾ ಫೈಬರ್ ಪರದೆ ಈಗಾಗಲೇ ಇರುತ್ತದೆ ಮತ್ತು ಮನೆಯವರು ಅದನ್ನೇ ನಂಬಿಕೊಂಡಿರುತ್ತಾರೆ. ನೈಲಾನ್ ಪರದೆ ಕೆಂಡ ತಾಗಿದ ಕೂಡಲೇ ಕರಗಿ ತೂತು ಬೀಳುತ್ತದೆ. ಫೈಬರ್ ಪರದೆಯ ಮೇಲಿನ ಪ್ಲಾಸ್ಟಿಕ್ ಲೇಪವೂ ಬಿಸಿಗೆ ನಿಲ್ಲುವುದಿಲ್ಲ. ಹಕ್ಕಿ, ಇಲಿ ಬಾರದಿರಲೆಂದು ಹಾಕುವ 6 ಮಿಲಿಮೀಟರ್ ಕಣ್ಣಿನ ಜಾಲರಿ ಲೋಹದ್ದೇ ಆದರೂ ಕಿಡಿಗಳಿಗೆ ತೆರೆದ ಬಾಗಿಲಿನಂತೆ. 3 ಮಿಲಿಮೀಟರಿಗಿಂತ ದೊಡ್ಡ ಕಣ್ಣಿನ ಜಾಲರಿಯನ್ನು ಈ ಕೆಲಸಕ್ಕೆ ಕೊಳ್ಳಲೇಬಾರದು. ಕಾಡ್ಗಿಚ್ಚಿನ ಪ್ರದೇಶದ ಕಟ್ಟಡಗಳಿಗೆ ಆಸ್ಟ್ರೇಲಿಯಾದಲ್ಲಿ ಅನ್ವಯಿಸುವ ಎಎಸ್ 3959 ಎಂಬ ಮಾನದಂಡ ಇನ್ನೂ ಬಿಗಿಯಾಗಿದ್ದು, ಕಣ್ಣಿನ ಗಾತ್ರ 2 ಮಿಲಿಮೀಟರ್ ಮೀರಬಾರದು ಎನ್ನುತ್ತದೆ.

ಕಣ್ಣು ಸಣ್ಣದಾದಷ್ಟೂ ಒಳ್ಳೆಯದು ಎನ್ನಲು ಒಂದು ಸೂಕ್ಷ್ಮ ಕಾರಣವಿದೆ. ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆಯಾದ ನಿಸ್ಟ್‌ನ ಸಂಶೋಧಕರು ಕಿಡಿಗಳನ್ನು ಉಗುಳುವ ಯಂತ್ರವೊಂದನ್ನು ಕಟ್ಟಿ, ಅದಕ್ಕೆ ಡ್ರಾಗನ್ ಎಂದು ಹೆಸರಿಟ್ಟು, ಜಪಾನಿನ ತ್ಸುಕುಬಾದಲ್ಲಿರುವ ಕಟ್ಟಡ ಸಂಶೋಧನಾ ಸಂಸ್ಥೆಯ ಗಾಳಿ ಸುರಂಗದಲ್ಲಿ ಜಾಲರಿಗಳನ್ನು ಪರೀಕ್ಷಿಸಿದರು. ಜಾಲರಿಗೆ ಬಡಿದ ಕಿಡಿ ಅಲ್ಲಿಯೇ ಆರಿಹೋಗುತ್ತದೆ ಎಂದು ನಾವು ಊಹಿಸುತ್ತೇವೆ. ಪ್ರಯೋಗದಲ್ಲಿ ಕಂಡದ್ದೇ ಬೇರೆ: ಗಾಳಿಯ ಒತ್ತಡಕ್ಕೆ ಕಿಡಿ ಜಾಲರಿಗೆ ಅಂಟಿಕೊಂಡೇ ಉರಿಯುತ್ತ, ಕಣ್ಣಿನೊಳಗೆ ತೂರುವಷ್ಟು ಸಣ್ಣದಾದ ಮೇಲೆ ಒಳಗೆ ಬಿತ್ತು. ಹಾಗಾಗಿ ಜಾಲರಿ ಕಿಡಿಯನ್ನು ಪೂರ್ತಿ ತಡೆಯುವುದಿಲ್ಲ. ಒಳಗೆ ಬರುವ ಕಿಡಿಯನ್ನು ಏನನ್ನಾದರೂ ಹೊತ್ತಿಸಲು ಸಾಲದಷ್ಟು ಸಣ್ಣದು ಮಾಡುತ್ತದೆ. ಕಣ್ಣು ಸಣ್ಣದಾದಷ್ಟೂ ಒಳಬರುವ ಕಿಡಿಯ ಬಲ ಕುಗ್ಗುತ್ತದೆ. ಇದನ್ನು ಅರಿತರೆ ಮತ್ತೊಂದು ಮಾತು ತಾನಾಗಿ ಹೊಳೆಯುತ್ತದೆ: ಜಾಲರಿಯ ಹಿಂದೆ, ಅಟ್ಟದಲ್ಲಿ, ಹಳೆಯ ಪತ್ರಿಕೆ, ರಟ್ಟಿನ ಪೆಟ್ಟಿಗೆ, ಹತ್ತಿ ಹಾಸಿಗೆಗಳನ್ನು ಕಿಂಡಿಗೆ ಒತ್ತಿಟ್ಟಿದ್ದರೆ ಎಷ್ಟು ಸಣ್ಣ ಕಿಡಿಯೂ ಸಾಕು.

ಜಾಲರಿ ಹಾಕುವ ಕೆಲಸದ ಬಗ್ಗೆ ಕೈಯಾರೆ ಮಾಡಿ ತಿಳಿದದ್ದನ್ನು ಹೇಳುತ್ತೇನೆ. ನೇಯ್ದ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯನ್ನು ತಗಡು ಕತ್ತರಿಯಿಂದ ಕತ್ತರಿಸಿದಾಗ ಅಂಚಿನ ತಂತಿಗಳು ಬಿಚ್ಚಿಕೊಂಡು ಸೂಜಿಯಂತೆ ಚುಚ್ಚುತ್ತವೆ; ಚರ್ಮದ ಕೈಗವಸು ಇಲ್ಲದೆ ಮುಟ್ಟಬಾರದು. ಕಿಂಡಿಗಿಂತ ನಾಲ್ಕೂ ಕಡೆ ಎರಡು ಬೆರಳಿನಷ್ಟು ಅಗಲ ಹೆಚ್ಚಾಗಿ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಚಿ, ಮಡಿಕೆಯ ಮೇಲೆಯೇ ವಾಷರ್ ಸಹಿತ ಸ್ಕ್ರೂ ಬಿಗಿದರೆ ಜಾಲರಿ ಚಪ್ಪಟೆಯಾಗಿ ಕೂರುತ್ತದೆ. ಪಿನ್ ಹೊಡೆಯುವ ಗನ್ನಿನಿಂದ ಹೊಡೆದರೆ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಎರಡು ಪಿನ್ನುಗಳ ನಡುವೆ ಜಾಲರಿ ಉಬ್ಬಿ, 2 ಮಿಲಿಮೀಟರ್ ಕಣ್ಣಿನ ಜಾಲರಿಯ ಪಕ್ಕದಲ್ಲಿಯೇ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಅಂಥ ಸಂದು ಇದ್ದ ಮೇಲೆ ಜಾಲರಿ ಇದ್ದೂ ಇಲ್ಲದಂತೆ. ಮನೆಗೆ ಬಣ್ಣ ಹೊಡೆಸುವಾಗ ಪೇಂಟರ್ ಅದರ ಮೇಲೂ ಬ್ರಷ್ ಆಡಿಸಿದರೆ ಕಣ್ಣುಗಳು ಮುಚ್ಚಿ ಅಟ್ಟದಲ್ಲಿ ಗಾಳಿ ನಿಲ್ಲುತ್ತದೆ. ಮೊದಲೇ ಹೇಳಿ ಕಾಗದ ಅಂಟಿಸಿಡಬೇಕು. ಅಲ್ಯೂಮಿನಿಯಂ ಜಾಲರಿ ಹಗುರ, ಕತ್ತರಿಸಲು ಸುಲಭ, ಆದರೆ ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಉಕ್ಕಿನದು ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ ತಾಳುತ್ತದೆ. ಸತುವಿನ ಲೇಪವಿರುವ ಜಿಐ ಜಾಲರಿ ಸಾಕು, ಸ್ಟೇನ್‌ಲೆಸ್ ಸ್ಟೀಲ್ ಆದರೆ ತುಕ್ಕಿನ ಚಿಂತೆಯೂ ಇಲ್ಲ.

ಜಾಲರಿಗೆ ಕೊರತೆಗಳೂ ಇವೆ. ಸಣ್ಣ ಕಣ್ಣು ಗಾಳಿಯ ದಾರಿಯನ್ನು ಕಿರಿದಾಗಿಸುತ್ತದೆ, ಅಟ್ಟದಲ್ಲಿ ತೇವ ನಿಲ್ಲುವ ಮನೆಗಳಲ್ಲಿ ಕಿಂಡಿಗಳ ಸಂಖ್ಯೆಯನ್ನೋ ಅಗಲವನ್ನೋ ಹೆಚ್ಚಿಸಬೇಕಾಗುತ್ತದೆ. ದೂಳು, ಜೇಡರ ಬಲೆ, ಹತ್ತಿಯಂಥ ಬೀಜದ ನಾರು ಬಂದು ಕೂರುತ್ತವೆ, ಒಣಗಾಲ ಶುರುವಾಗುವ ಮುನ್ನ ಬ್ರಷ್‌ನಿಂದ ಉಜ್ಜಿ ತೆಗೆಯದಿದ್ದರೆ ಆ ನಾರೇ ಹೊತ್ತಿಕೊಳ್ಳುತ್ತದೆ. ಜ್ವಾಲೆಯೇ ನೇರವಾಗಿ ಕಿಂಡಿಗೆ ತಾಗಿದರೆ ಜಾಲರಿ ಅದನ್ನು ತಡೆಯಲಾರದು.

ಆ ಕೊನೆಯ ಕೊರತೆಯನ್ನು ನೀಗಲೆಂದೇ ಬಂದದ್ದು ಉಬ್ಬಿ ಮುಚ್ಚಿಕೊಳ್ಳುವ ಕಿಂಡಿ. ಹೊರಗಡೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿ, ಅದರ ಹಿಂದೆ ಜೇನುಹಟ್ಟಿನ ಕೋಶಗಳಂತೆ ಜೋಡಿಸಿದ ಲೋಹದ ಹಾಳೆ, ಆ ಹಾಳೆಗೆ ಬಿಸಿ ತಾಗಿದರೆ ಉಬ್ಬುವ ಲೇಪ. ಸಾಮಾನ್ಯ ದಿನಗಳಲ್ಲಿ ಕೋಶಗಳ ಮೂಲಕ ಗಾಳಿ ಆಡುತ್ತದೆ, ಜ್ವಾಲೆ ತಾಗಿದಾಗ ಲೇಪ ಉಬ್ಬಿ ಕೋಶಗಳನ್ನು ಬಿಗಿಯಾಗಿ ಮುಚ್ಚುತ್ತದೆ. ಯಾರೂ ಗುಂಡಿ ಒತ್ತಬೇಕಿಲ್ಲ, ಕರೆಂಟ್ ಬೇಕಿಲ್ಲ. ನನ್ನ ಪ್ರಶ್ನೆಗೆ ಇದು ಸಲೀಸಾಗಿ ಉತ್ತರ ಕೊಡುತ್ತದೆ. ಕೊಳ್ಳುವಾಗ ಕೇಳಬೇಕಾದದ್ದು ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆ ಗೊತ್ತುಮಾಡಿರುವ ಇ2886 ಪರೀಕ್ಷೆಯ ವರದಿ. ಕ್ಯಾಲಿಫೋರ್ನಿಯಾದ ಕಟ್ಟಡ ಸಂಹಿತೆಯ ಪ್ರಕಾರ ಈ ಪರೀಕ್ಷೆಯಲ್ಲಿ ಕಿಂಡಿಯ ಹಿಂದೆ ಇಟ್ಟ ಹತ್ತಿ ಕಿಡಿಗಳಿಂದ ಹೊತ್ತಿಕೊಳ್ಳಬಾರದು, ಜ್ವಾಲೆ ಒಳಕ್ಕೆ ದಾಟಬಾರದು, ಒಳಬದಿಯ ತಾಪ 350 ಡಿಗ್ರಿ ಸೆಲ್ಸಿಯಸ್ ಮೀರಬಾರದು. ವರದಿ ತೋರಿಸಲು ಒಪ್ಪದೆ ‘ಅಗ್ನಿನಿರೋಧಕ’ ಎಂಬ ಚೀಟಿಯನ್ನಷ್ಟೇ ಅಂಟಿಸಿಕೊಂಡಿರುವ ಕಿಂಡಿಗೆ ದುಡ್ಡು ಕೊಡಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಎಲ್ಲ ಕಿಂಡಿಗಳಿಗೂ ಇದನ್ನು ಹಾಕಿಸುವ ಶಕ್ತಿ ಇಲ್ಲದಿದ್ದರೆ ಪಾರ್ಶ್ವಗೋಡೆಯ ತ್ರಿಕೋನದಲ್ಲಿ ಗಾಳಿಗೆ ಎದುರಾಗಿ ಕೂತಿರುವ ಕಿಂಡಿಗೆ ಮೊದಲು ಹಾಕಿಸಿ, ಉಳಿದವಕ್ಕೆ ಜಾಲರಿ ಬಿಗಿಯಬಹುದು. ನೆಟ್ಟಗೆ ನಿಂತ ಕಿಂಡಿಗೆ ಗಾಳಿ ಕಿಡಿಗಳನ್ನು ನೇರವಾಗಿ ಒತ್ತುತ್ತದೆ, ಸೂರಿನ ಕೆಳಗೆ ಹಲಗೆ ಹೊಡೆದು ಮುಚ್ಚಿದ ಕಡೆ ಕೆಳಮುಖವಾಗಿರುವ ಕಿಂಡಿಯಲ್ಲಿ ಅಷ್ಟು ಒತ್ತಡ ಇರುವುದಿಲ್ಲ.

ಹೆಂಚಿನ ಮಾಡಿನ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಮಣ್ಣಿನ ಹೆಂಚು, ಕಾಂಕ್ರೀಟ್, ಲೋಹದ ತಗಡು ಇವೆಲ್ಲ ಉರಿಯದ ವಸ್ತುಗಳು ಎಂಬ ಧೈರ್ಯದಲ್ಲಿ ಜನ ಮಾಡಿನ ಕಡೆ ತಲೆ ಎತ್ತಿಯೂ ನೋಡುವುದಿಲ್ಲ. ಅರ್ಧ ಕೊಳವೆಯಂಥ ಹೆಂಚುಗಳ ಸಾಲು ಸೂರಿನ ಅಂಚಿನಲ್ಲಿ ಮುಗಿಯುವಲ್ಲಿ ಪ್ರತಿ ಹೆಂಚಿನ ಕೆಳಗೂ ಒಂದು ತೆರೆದ ಬಾಯಿ ಉಳಿಯುತ್ತದೆ. ಗುಬ್ಬಿಗಳು ಅಲ್ಲಿ ಒಣಹುಲ್ಲಿನ ಗೂಡು ಕಟ್ಟುತ್ತವೆ. ಹುಲ್ಲು ತುಂಬಿದ ಆ ಬಾಯಿಗಳ ಹಿಂದೆಯೇ ಮರದ ರೀಪು, ಪಕಾಸುಗಳಿರುತ್ತವೆ. ಗೂಡು ಖಾಲಿಯಾದ ಕಾಲದಲ್ಲಿ ತೆಗೆದು, ಬಾಯಿಗಳನ್ನು ಗಾರೆಯಿಂದಲೋ ಲೋಹದ ಪಟ್ಟಿಯಿಂದಲೋ ಮುಚ್ಚಿಸುವುದು ಯಾವ ಅಂಗಡಿಯೂ ಹುಮ್ಮಸ್ಸಿನಿಂದ ಮಾರದ, ಆದರೆ ಬಹಳ ದೊಡ್ಡ ಪ್ರಯೋಜನದ ಕೆಲಸ.

ದೋಣಿಯ ಮೇಲಿನ ಜಾಲರಿ ಮುಚ್ಚಳಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೋಹದ ದೋಣಿಗೆ ಲೋಹದ ಮುಚ್ಚಳ ಹಾಕಿದರೆ ಎಲೆ ಒಳಗೆ ಬೀಳದು, ಆದರೆ ಮುಚ್ಚಳದ ಮೇಲೆಯೂ ಮಾಡಿನ ಅಂಚಿನಲ್ಲಿಯೂ ಕೂರುತ್ತದೆ, ಗುಡಿಸುವ ಕೆಲಸ ತಪ್ಪದು. ಪ್ಲಾಸ್ಟಿಕ್ ಮುಚ್ಚಳ ಕೊಳ್ಳುವುದು ವ್ಯರ್ಥ. ಪ್ಲಾಸ್ಟಿಕ್ ದೋಣಿ ಬಿಸಿಗೆ ಜೋತುಬಿದ್ದು, ಉರಿಯುವ ಎಲೆಗಳ ಸಮೇತ ಗೋಡೆಯ ಬುಡಕ್ಕೆ ಬೀಳುತ್ತದೆ; ಆ ಬುಡದಲ್ಲಿ ಒಣಗಿದ ಹೂಗಿಡವಿದ್ದರೆ ಮುಂದಿನದು ಊಹಿಸಬಹುದು.

ಮಾಡಿನ ಮೇಲಿನ ಸ್ಪ್ರಿಂಕ್ಲರ್ ಬಗ್ಗೆ ಓದುಗರಿಗೆ ಹೆಚ್ಚಿನ ಕುತೂಹಲವಿರುವುದು ಸಹಜ. ನೋಡಿದರೆ ಮನಸ್ಸಿಗೆ ಧೈರ್ಯ ಬರುತ್ತದೆ, ಬೇಸಗೆಯ ಬಿಸಿಲಿನಲ್ಲಿ ಮಾಡೆಲ್ಲ ನೆನೆಯುತ್ತಿದ್ದರೆ ಇನ್ನು ಯಾವ ಕಿಡಿ ಏನು ಮಾಡೀತು ಅನಿಸುತ್ತದೆ. ಆದರೆ ಇದರ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಬೇಕು. ನಿಮಿಷಕ್ಕೆ 15 ಲೀಟರ್ ನೀರು ಬಿಡುವ ನಾಲ್ಕು ಸ್ಪ್ರಿಂಕ್ಲರ್‌ಗಳಿದ್ದರೆ ನಿಮಿಷಕ್ಕೆ 60 ಲೀಟರ್ ಬೇಕು. 5,000 ಲೀಟರಿನ ತೊಟ್ಟಿ ಒಂದೂವರೆ ಗಂಟೆಯೊಳಗೆ ಬರಿದಾಗುತ್ತದೆ. ಕಿಡಿಗಳ ಮಳೆಯಾದರೋ ಬೆಂಕಿಯ ಮುಂಚೂಣಿ ಬರುವ ಮೊದಲೇ ಶುರುವಾಗಿ, ಅದು ದಾಟಿಹೋದ ಮೇಲೂ ಗಂಟೆಗಟ್ಟಲೆ ಮುಂದುವರಿಯಬಹುದು. ಮನೆ ಬಿಟ್ಟು ಹೊರಡುವಾಗ ಸ್ಪ್ರಿಂಕ್ಲರ್ ಹಾಕಿ ಹೋದರೆ ಬೆಂಕಿ ಬರುವ ಹೊತ್ತಿಗೆ ತೊಟ್ಟಿ ಖಾಲಿಯಾಗಿರುವ ಸಾಧ್ಯತೆಯೇ ಹೆಚ್ಚು.

ಸಾರ್ವಜನಿಕ ನೀರನ್ನು ನೆಚ್ಚಿಕೊಳ್ಳುವುದು ಇನ್ನೂ ಅಪಾಯಕರ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಪ್ಯಾಲಿಸೇಡ್ಸ್ ಬೆಂಕಿಯ ವೇಳೆ ಎತ್ತರದ ಪ್ರದೇಶಗಳಲ್ಲಿ ನೀರಿನ ಒತ್ತಡ ಕುಸಿದು, ಅಗ್ನಿಶಾಮಕ ದಳದವರ ಕೊಳವೆಗಳಿಗೇ ನೀರು ಸಿಗದ ಸ್ಥಿತಿ ಬಂದಿತ್ತು. ಸಾವಿರಾರು ಮನೆಗಳಲ್ಲಿ ಒಮ್ಮೆಗೇ ನಲ್ಲಿ ತಿರುಗಿಸಿದರೆ, ಸುಟ್ಟ ಮನೆಗಳ ಒಡೆದ ಪೈಪುಗಳಿಂದ ನೀರು ಸುರಿದುಹೋದರೆ, ಯಾವ ಊರಿನ ಜಾಲವೂ ತಾಳಲಾರದು. ನನ್ನ ಮನೆಯ ಸ್ಪ್ರಿಂಕ್ಲರ್ ಸ್ವಂತ ತೊಟ್ಟಿಗೆ, ಕರೆಂಟಿನ ಹಂಗಿಲ್ಲದ ಪೆಟ್ರೋಲ್ ಪಂಪಿಗೆ ಜೋಡಿಸಿದ್ದಾದರೂ, ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ ಪರೀಕ್ಷೆಗೆಂದು ಹಾಕಿ ನೋಡಿದಾಗ ಗಾಳಿ ಬರುವ ದಿಕ್ಕಿನ ಮಾಡಿನ ಅಂಚು ಪೂರ್ತಿ ಒಣಗಿಯೇ ಇತ್ತು. ತುಂತುರೆಲ್ಲ ಹಾರಿ ಎದುರು ಬದಿಯ ಅಂಗಳದಲ್ಲಿ ಬೀಳುತ್ತಿತ್ತು. ಕಿಡಿ ಬರುವುದು ಗಾಳಿ ಬರುವ ದಿಕ್ಕಿನಿಂದಲೇ ಎಂಬುದನ್ನು ನೆನೆದರೆ ಈ ದೋಷ ಸಣ್ಣದೆನ್ನಲಾಗದು. ದಪ್ಪ ಹನಿ ಬಿಡುವ ಮೂತಿಗಳನ್ನು ಸೂರಿನ ಅಂಚಿನಲ್ಲಿಯೇ ಕೂರಿಸಿದ ಮೇಲೆ ಸ್ವಲ್ಪ ಸುಧಾರಿಸಿತು.

ಸ್ಪ್ರಿಂಕ್ಲರ್ ಹಾಕಿಸಲೇಬೇಕೆಂಬ ಮನಸ್ಸಿದ್ದವರು ಅದನ್ನು ಹೊಲಕ್ಕೆ ನೀರು ಬಿಡುವ ವ್ಯವಸ್ಥೆಯಂತೆ ಕಾಣಬಾರದು. ಆಸ್ಟ್ರೇಲಿಯಾದಲ್ಲಿ ಇದಕ್ಕೆಂದೇ ಎಎಸ್ 5414 ಎಂಬ ಮಾನದಂಡವನ್ನು 2012ರಲ್ಲಿ ಹೊರತಂದಿದ್ದಾರೆ. ನೆಲದ ಮೇಲೆ ಕಾಣುವ ಪೈಪು, ಮೂತಿ, ಕೀಲುಗಳೆಲ್ಲ ಲೋಹದ್ದಿರಬೇಕು. ಪಿವಿಸಿ ಪೈಪು ಮೊದಲ ಬಿಸಿಗೇ ಸೋತು ಬಾಯಿಬಿಡುತ್ತದೆ. ತೊಟ್ಟಿ ಕಾಂಕ್ರೀಟಿನದ್ದೋ ಲೋಹದ್ದೋ ಆಗಿರಬೇಕು, ಪಂಪಿಗೆ ಉರಿಯದ ವಸ್ತುವಿನ ಗೂಡು ಬೇಕು, ಹೊಗೆ ಮತ್ತು ಬಿಸಿಯಲ್ಲಿ ಪೆಟ್ರೋಲ್ ಎಂಜಿನ್ ಉಸಿರುಕಟ್ಟಿ ನಿಲ್ಲುವುದುಂಟು ಎಂಬುದು ತಿಳಿದಿರಬೇಕು. ಇಷ್ಟೆಲ್ಲ ಮಾಡಿಸಿ ಕೊನೆಗೆ ಪಂಪ್ ಚಾಲೂ ಮಾಡಲು ಮನೆಯವರಲ್ಲಿ ಒಬ್ಬರು ಉಳಿಯಬೇಕು ಎಂದಾದರೆ ಆ ಸಾಮಗ್ರಿ ಪ್ರಾಣಕ್ಕೇ ಎರವು. 2009ರ ಫೆಬ್ರುವರಿ 7ರಂದು, ಆಸ್ಟ್ರೇಲಿಯಾದವರು ಕಪ್ಪು ಶನಿವಾರ ಎಂದು ಕರೆಯುವ ದಿನ, ವಿಕ್ಟೋರಿಯಾ ರಾಜ್ಯದಲ್ಲಿ ಕಾಡ್ಗಿಚ್ಚಿಗೆ 173 ಜನ ಸತ್ತರು. ಅವರಲ್ಲಿ ಅನೇಕರು ಮನೆಯಲ್ಲಿಯೇ ಇದ್ದವರು. ಮನೆ ಉಳಿಸಲೆಂದು ಮನುಷ್ಯರನ್ನು ಅಲ್ಲಿ ಕಟ್ಟಿಹಾಕುವ ಯಾವ ಸಾಮಗ್ರಿಯನ್ನೂ ನಾನು ಶಿಫಾರಸು ಮಾಡಲಾರೆ. ಬೇರೆಲ್ಲ ಕೆಲಸ ಮುಗಿದು, ದುಡ್ಡೂ ನೀರೂ ಉಳಿದಿದ್ದರೆ ಮಾತ್ರ ಸ್ಪ್ರಿಂಕ್ಲರ್, ಅದೂ ದೂರದಿಂದಲೇ ಚಾಲೂ ಮಾಡಬಹುದಾದದ್ದು.

ಜೆಲ್‌ನ ವಿಷಯಕ್ಕೆ ಬಂದರೆ, ಇದು ಮಕ್ಕಳ ಡೈಪರ್‌ಗಳಲ್ಲಿ ನೀರು ಹೀರುವ ಪಾಲಿಮರ್‌ನ ಜಾತಿಗೇ ಸೇರಿದ್ದು. ನೀರಿನ ಕೊಳವೆಗೆ ಜೋಡಿಸಿದ ಡಬ್ಬಿಯಿಂದ ನೀರಿನೊಡನೆ ಬೆರೆತು ಹೊರಬಂದು, ಗೋಡೆ, ಕಿಟಕಿ, ಸೂರಿನಡಿಗೆ ದಪ್ಪನಾಗಿ ಅಂಟಿಕೊಳ್ಳುತ್ತದೆ. ಒದ್ದೆ ಇರುವಷ್ಟು ಹೊತ್ತು ಅದರ ರಕ್ಷಣೆ ನಿಜವಾದದ್ದು, ಏಕೆಂದರೆ ಬಿಸಿಯೆಲ್ಲ ಆ ನೀರನ್ನು ಆವಿಯಾಗಿಸುವುದರಲ್ಲಿಯೇ ವ್ಯಯವಾಗುತ್ತದೆ. ಕಾಡ್ಗಿಚ್ಚಿನ ದಿನ ಬೀಸುವುದಾದರೂ ಬಿಸಿಯಾದ ಒಣಗಾಳಿ, ಆ ಗಾಳಿಯಲ್ಲಿ ಜೆಲ್ ಕೆಲವೇ ಗಂಟೆಗಳಲ್ಲಿ ಒಣಗಿ ಸಿಪ್ಪೆಯಾಗುತ್ತದೆ. ಮತ್ತೆ ನೀರು ಚಿಮುಕಿಸಿದರೆ ಜೀವ ಬರುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ಚಿಮುಕಿಸಲು ಅಲ್ಲಿ ಯಾರಿರುತ್ತಾರೆ? ಹಚ್ಚಿದ ಮೆಟ್ಟಿಲು, ನೆಲ ಭಯಂಕರವಾಗಿ ಜಾರುತ್ತವೆ, ಹೊರಡುವ ಗಡಿಬಿಡಿಯಲ್ಲಿ ವಯಸ್ಸಾದವರು ಬೀಳುವ ಅಪಾಯವಿದೆ. ಡಬ್ಬಿಯಲ್ಲಿ ಬಹುಕಾಲ ಇಟ್ಟ ದ್ರವ ಬೇರ್ಪಟ್ಟು ತಳದಲ್ಲಿ ಗಟ್ಟಿಯಾಗುವುದನ್ನೂ ಕಂಡಿದ್ದೇನೆ. ತರಬೇತಿ ಪಡೆದ ತಂಡದ ಕೈಯಲ್ಲಿ ಒಳ್ಳೆಯ ಸಾಧನ, ಮನೆಯವರು ಕೊಂಡು ಕಪಾಟಿನಲ್ಲಿಟ್ಟುಕೊಳ್ಳಲು ತಕ್ಕುದಲ್ಲ. ಇದೇ ರೀತಿ ಗೋಡೆಗೆ ಹಚ್ಚುವ ಅಗ್ನಿಶಾಮಕ ನೊರೆಯಂತೂ ಜೆಲ್‌ಗಿಂತಲೂ ಬೇಗ ಇಳಿದುಹೋಗುತ್ತದೆ.

ಅಮೋನಿಯಂ ಫಾಸ್ಫೇಟ್ ಆಧಾರಿತ ದ್ರಾವಣಗಳು ಬೇರೆಯೇ ಬಗೆ. ವಿಮಾನಗಳು ಕಾಡಿನ ಮೇಲೆ ಸುರಿಯುವ ಕೆಂಪು ದ್ರವದ ಮುಖ್ಯ ಅಂಶವೂ ಇದೇ. ಇದರ ಗುಣ ನೀರನ್ನು ಅವಲಂಬಿಸಿಲ್ಲ: ನೀರು ಆರಿದ ಮೇಲೂ ಲವಣ ಹುಲ್ಲಿನ ಮೇಲೆ ಉಳಿದು, ಬಿಸಿ ತಾಗಿದಾಗ ಹುಲ್ಲು ಜ್ವಾಲೆಯಾಗಿ ಉರಿಯದೆ ಕರಿಕಲಾಗುವಂತೆ ಮಾಡುತ್ತದೆ. ಮನೆಬಳಕೆಗೆ ಬಣ್ಣವಿಲ್ಲದ ದ್ರಾವಣಗಳಿವೆ. ಅಂಗಳದಾಚೆಯ ಹುಲ್ಲಿನಂಚಿಗೆ, ಬೇಲಿಯ ಬುಡಕ್ಕೆ ಒಣಗಾಲದ ಮೊದಲಲ್ಲಿ ಸಿಂಪಡಿಸಿದರೆ ಮಳೆ ಬೀಳುವವರೆಗೆ ಪ್ರಯೋಜನ ಸಿಗುತ್ತದೆ. ಕೆಲವು ಲೋಹಗಳನ್ನು ತಿನ್ನುವುದರಿಂದ ಗೇಟು, ಜಾಲರಿಗಳ ಮೇಲೆ ಬೀಳದಂತೆ ನೋಡಿಕೊಳ್ಳಬೇಕು, ಕೆರೆ ಕಾಲುವೆಗಳ ಬಳಿ ಬಳಸಲೇಬಾರದು, ಜಲಚರಗಳಿಗೆ ಅದು ಹಾನಿ. ಹುಲ್ಲನ್ನೇ ಕತ್ತರಿಸಿ ಎತ್ತಬಹುದಾದ ಕಡೆ ಈ ಖರ್ಚು ಬೇಡ. ಕಡಿದಾದ ಇಳಿಜಾರಿನಲ್ಲಿ, ಕುಡುಗೋಲು ಆಡದ ಕಡೆ ಇದಕ್ಕೆ ಅರ್ಥವಿದೆ.

ಅಲ್ಯೂಮಿನಿಯಂ ಹೊದಿಕೆಯನ್ನು ಹಲವರು ಗುರುತಿಸಿದ್ದು 2021ರ ಸೆಪ್ಟೆಂಬರಿನಲ್ಲಿ, ಕ್ಯಾಲಿಫೋರ್ನಿಯಾದ ಸಿಕೋಯಾ ರಾಷ್ಟ್ರೀಯ ಉದ್ಯಾನದ ಜನರಲ್ ಶೆರ್ಮನ್ ಮಹಾವೃಕ್ಷದ ಬುಡಕ್ಕೆ ಅದನ್ನು ಸುತ್ತಿದ ಚಿತ್ರ ಬಂದಾಗ. ಒಂಟಿಯಾಗಿ ನಿಂತ ಸಣ್ಣ ಕಟ್ಟಡಕ್ಕೆ, ಬೆಂಕಿ ಬೇಗ ದಾಟಿಹೋಗುವ ಕಡೆ, ಅನುಭವಿ ತಂಡ ಹೊದಿಸಿದರೆ ಅದು ಫಲ ಕೊಡುತ್ತದೆ. ಪಕ್ಕದ ಮನೆ ಗಂಟೆಗಟ್ಟಲೆ ಧಗಧಗಿಸುವ ಬೀದಿಯಲ್ಲಿ ತೆಳ್ಳನೆಯ ಹೊದಿಕೆ ತಾಳುವುದಿಲ್ಲ, ಮನೆಯವರು ಒಂದು ಮಧ್ಯಾಹ್ನದಲ್ಲಿ ಏಣಿ ಹತ್ತಿ ಹೊದಿಸಿ ಮುಗಿಸುವ ಕೆಲಸವೂ ಅದಲ್ಲ.

ಇನ್ನು ಮನೆ ತಪಾಸಣೆಯ ಸೇವೆ. ಕಾಡ್ಗಿಚ್ಚಿನ ದೃಷ್ಟಿಯಿಂದ ಮನೆ ನೋಡಿ ವರದಿ ಕೊಡುವವರು ಈಗ ಇದ್ದಾರೆ, ಕೆಲವು ಕಡೆ ಅಗ್ನಿಶಾಮಕ ಇಲಾಖೆಯವರೇ ಇದನ್ನು ಮಾಡುತ್ತಾರೆ. ಅಂಗಳದಲ್ಲಿ ನಿಂತು, ಮರಗಳ ಕಡೆ ಕೈ ತೋರಿಸಿ ಮೊಬೈಲಿನಲ್ಲಿ ಚಿತ್ರ ತೆಗೆದು ಹೋಗುವವರ ವರದಿಯಿಂದ ಏನೂ ತಿಳಿಯುವುದಿಲ್ಲ. ಒಳ್ಳೆಯ ತಪಾಸಣೆಗಾರರು ಕೆಲಸವನ್ನು ಗೋಡೆಯಿಂದ ಶುರು ಮಾಡಿ ಹೊರಕ್ಕೆ ಹೋಗುತ್ತಾರೆ. ನಾನು ನೋಡಿದ ಒಬ್ಬರು ಮೊದಲು ಅಟ್ಟ ಹತ್ತಿ, ದೀಪ ಆರಿಸಿ, ಹಗಲಿನ ಬೆಳಕು ಎಲ್ಲೆಲ್ಲಿ ತೂರಿಬರುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಬೆಳಕು ಬರುವ ಸಂದಿನಲ್ಲಿ ಕಿಡಿಯೂ ಬರಬಹುದು ಎಂಬ ಸರಳ ವಿಚಾರ. ಆಮೇಲೆ ಗೋಡೆಯ ಸುತ್ತ 1.5 ಮೀಟರ್ ಅಳೆದು, ಆ ಪಟ್ಟಿಯೊಳಗಿನ ತೆಂಗಿನ ನಾರಿನ ಕಾಲೊರೆಸುವ ಚಾಪೆ, ಪೊರಕೆ, ಕಟ್ಟಿಗೆ ರಾಶಿ, ಕಿಟಕಿಯಡಿಯ ಒಣಗಿದ ಪೊದೆ ಎಲ್ಲವನ್ನೂ ಬರೆದುಕೊಂಡರು. ಇಂಥ ತಪಾಸಣೆ ಯಾವ ಸ್ಪ್ರಿಂಕ್ಲರ್‌ಗಿಂತಲೂ ಬೆಲೆಬಾಳುತ್ತದೆ. ಆದರೆ ತಪಾಸಣೆ ಮಾಡುವವರೇ ಸಾಮಗ್ರಿಯನ್ನೂ ಮಾರುತ್ತಿದ್ದರೆ ಅವರ ಸಲಹೆಯನ್ನು ಮತ್ತೊಬ್ಬರಿಂದ ಪರಿಶೀಲಿಸಿಕೊಳ್ಳುವುದು ಲೇಸು.

ಗೋಡೆಗೆ ಅಂಟಿದ ಆ 1.5 ಮೀಟರ್ ಪಟ್ಟಿಯ ಮಹತ್ವವನ್ನು ಅರಿತೇ ಕ್ಯಾಲಿಫೋರ್ನಿಯಾ 2020ರಲ್ಲಿ ಅದಕ್ಕಾಗಿ ಪ್ರತ್ಯೇಕ ಶಾಸನ ಮಾಡಿತು. ಅಲ್ಲಿ ಉರಿಯುವ ವಸ್ತು ಯಾವುದೂ ಇರಕೂಡದು ಎಂಬುದು ಅದರ ತಿರುಳು. ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ ವಿಮಾ ಉದ್ಯಮದ ಸಂಶೋಧನಾ ಸಂಸ್ಥೆಯಾದ ಐಬಿಎಚ್‌ಎಸ್‌ಗೆ, 105 ದೊಡ್ಡ ಫ್ಯಾನುಗಳ ಗಾಳಿಯಲ್ಲಿ ಇಡೀ ಮನೆಯ ಮೇಲೆ ಕಿಡಿ ಸುರಿಸಿ ನೋಡುವ ಪ್ರಯೋಗಾಲಯವಿದೆ. ಅಲ್ಲಿನ ಪ್ರಯೋಗಗಳಲ್ಲಿ ಗಾಳಿ ಮನೆಯ ಗೋಡೆಗೆ ಬಡಿದು ಸುಳಿಯಾಗಿ, ಕಿಡಿಗಳನ್ನು ಗೋಡೆಯ ಬುಡದಲ್ಲಿಯೇ ರಾಶಿ ಹಾಕುವುದನ್ನು ಕಾಣಬಹುದು. ಆ ರಾಶಿ ಜಲ್ಲಿಯ ಮೇಲೆ ಬಿದ್ದರೆ ಆರಿಹೋಗುತ್ತದೆ, ತೊಗಟೆಯ ಹೊದಿಕೆಯ ಮೇಲೆ ಬಿದ್ದರೆ ಗೋಡೆಗೆ ಹತ್ತುತ್ತದೆ. ಹಾಗಾಗಿ ಒಂದು ಗಾಡಿ ಜಲ್ಲಿಯನ್ನೂ ಈ ವಿಮರ್ಶೆಯ ಸಾಮಗ್ರಿಗಳ ಪಟ್ಟಿಗೆ ಸೇರಿಸಿ, ಜಾಲರಿಯ ಪಕ್ಕದಲ್ಲಿಯೇ ಅದನ್ನು ಇಡುತ್ತೇನೆ. ಒಮ್ಮೆ ಹಾಸಿದರೆ ಅದಕ್ಕೆ ನೀರು ಬೇಡ, ಕರೆಂಟ್ ಬೇಡ, ಆಗಾಗ ಉದುರಿದ ಎಲೆ ಬಾಚಿದರೆ ಸಾಕು.

ಗೋಡೆಗೆ ಬಂದು ಸೇರುವ ಮರದ ಬೇಲಿಯನ್ನೂ ಇದೇ ಪಟ್ಟಿಯಲ್ಲಿ ಕಾಣಬೇಕು. 2021ರ ಡಿಸೆಂಬರ್ 30ರಂದು ಕೊಲರಾಡೋದ ಮಾರ್ಷಲ್ ಫೈರ್ ಎಂಬ ಬೆಂಕಿ ಚಳಿಗಾಲದ ಒಣಹುಲ್ಲಿನಲ್ಲಿ ಹೊತ್ತಿ, ಗಂಟೆಗೆ 160 ಕಿಲೋಮೀಟರ್ ದಾಟಿದ ಗಾಳಿಯಲ್ಲಿ 1,000ಕ್ಕೂ ಹೆಚ್ಚು ಮನೆಗಳನ್ನು ಸುಟ್ಟಾಗ, ಹುಲ್ಲಿನಿಂದ ಮನೆಗೆ ಬೆಂಕಿಯನ್ನು ದಾಟಿಸಿದ್ದರಲ್ಲಿ ಮರದ ಬೇಲಿಗಳ ಪಾತ್ರವೂ ಇತ್ತು. ಬೇಲಿಯನ್ನೆಲ್ಲ ಕೀಳಬೇಕಿಲ್ಲ, ಗೋಡೆಗೆ ತಾಗುವ ಕೊನೆಯ 1.5 ಮೀಟರನ್ನು ಕಬ್ಬಿಣದ ಗೇಟಿಗೋ ಕಲ್ಲಿಗೋ ಬದಲಿಸಿದರೆ ಬೆಂಕಿಯ ದಾರಿ ಕಡಿಯುತ್ತದೆ. ಕಿಟಕಿಗಳಲ್ಲಿ, ಚೌಕಟ್ಟಿಗಿಂತ ಮೊದಲು ಬಿರಿಯುವುದು ಗಾಜು. ಹೊಸ ಕಿಟಕಿ ಹಾಕಿಸುವವರು ಕಾಯಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜಿನ ಎರಡು ಪದರದ್ದನ್ನು ಕೇಳಿ ಹಾಕಿಸಿಕೊಳ್ಳಲಿ, ಇದ್ದ ಕಿಟಕಿಗೆ ಲೋಹದ ಜಾಲರಿ ಬಾಗಿಲು ಸೇರಿಸಿದರೂ ಬಿಸಿಯ ಒಂದು ಪಾಲು ಕಡಿಮೆಯಾಗುತ್ತದೆ.

ಇವೆಲ್ಲದರ ಆಚೆಗೆ ಒಂದು ಮಿತಿಯಿದೆ, ಅದನ್ನು ಯಾವ ಮಾರಾಟಗಾರರೂ ಹೇಳುವುದಿಲ್ಲ. ಪ್ಯಾರಡೈಸ್‌ನಲ್ಲಿ ಉಳಿದ ಮತ್ತು ಅಳಿದ ಮನೆಗಳನ್ನು ಹೋಲಿಸಿ ನೋಡಿದ ಸಂಶೋಧಕರಿಗೆ, ಸುಟ್ಟುಹೋದ ಅತಿ ಹತ್ತಿರದ ಕಟ್ಟಡ ಎಷ್ಟು ದೂರದಲ್ಲಿತ್ತು ಎಂಬುದು ಮನೆಯ ಗತಿಯನ್ನು ನಿರ್ಧರಿಸಿದ ಮುಖ್ಯ ಅಂಶಗಳಲ್ಲೊಂದಾಗಿ ಕಂಡಿತು. ಒತ್ತೊತ್ತಾಗಿ ಕಟ್ಟಿದ ಬೀದಿಯಲ್ಲಿ ನಮ್ಮ ಕಿಂಡಿಗಳಿಗೆಲ್ಲ ಜಾಲರಿ ಇದ್ದು, ಪಕ್ಕದ ಮನೆಯ ಅಟ್ಟ ತೆರೆದಿದ್ದರೆ, ಆ ಮನೆ ಉರಿಯುವಾಗಿನ ಬಿಸಿಗೆ ನಮ್ಮ ಕಿಟಕಿ ಗಾಜು ನಿಲ್ಲುವುದಿಲ್ಲ. ಅದಕ್ಕಾಗಿಯೇ ಜಾಲರಿಯನ್ನು ತುಂಡು ತುಂಡಾಗಿ ಕೊಳ್ಳದೆ ಅಕ್ಕಪಕ್ಕದ ನಾಲ್ಕೈದು ಮನೆಯವರು ಸೇರಿ ಇಡೀ ಸುರುಳಿಯನ್ನೇ ತರಿಸಿಕೊಳ್ಳುವುದು ಒಳ್ಳೆಯದು. ಒಂದು ಸುರುಳಿಯಲ್ಲಿ ಅಷ್ಟೂ ಮನೆಗಳ ಕಿಂಡಿಗಳು ಮುಚ್ಚಿ ಮಿಗುತ್ತದೆ. ತಗಡು ಕತ್ತರಿ, ಡ್ರಿಲ್, ಏಣಿ ಒಂದೊಂದಿದ್ದರೆ ಸಾಕು. ಏಣಿ ಹತ್ತಲಾಗದ ಹಿರಿಯರ ಮನೆಗಳನ್ನು ಮೊದಲು ಮುಗಿಸಿ, ಆಮೇಲೆ ಉಳಿದವಕ್ಕೆ ಹೋಗಬಹುದು.